ಲಕೋಟೆಯ ಬೆನ್ನಿಗೆ ಬರೆದ ಪ್ರಶ್ನೆ

ಆಫೀಸಿನ ಕೆಲಸದ ಮೇಲೆ ಮೂರು ತಿಂಗಳು ಕಂಪಾಲಾಕ್ಕೆ ಹೋಗುವುದು ಅಂತ ತೀರ್ಮಾನವಾಯಿತು. ಉಗಾಂಡಾಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು, ಹಳದಿ ಕಾರ್ಡನ್ನು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡೇ ಹೊರಡಬೇಕು. ಬೆಂಗಳೂರಿನಲ್ಲಿ ಈ ಲಸಿಕೆ ಸಿಕ್ಕ ಸಿಕ್ಕ ಕಡೆ ಹಾಕುವುದಿಲ್ಲ. ಕೆಲವೇ ಕೇಂದ್ರಗಳಲ್ಲಿ, ಅದೂ ಮೊದಲೇ ಹೆಸರು ಬರೆಸಿದವರಿಗೆ. ಒಂದು ಸೀಸೆ ತೆರೆದರೆ ಕೆಲವು ಗಂಟೆಯೊಳಗೆ ಮುಗಿಸಬೇಕು, ಇಲ್ಲದಿದ್ದರೆ ಚೆಲ್ಲಬೇಕು. ಅದಕ್ಕೇ ಬೆಂಚು ತುಂಬುವವರೆಗೂ ಕಾಯಿಸುತ್ತಾರೆ. ನನ್ನ ಸರದಿ ಬಂದಾಗ ಸಿಸ್ಟರ್ ಕೇಳಿದರು.

"ಮೊಟ್ಟೆ ತಿಂದ್ರೆ ಅಲರ್ಜಿ ಏನಾದ್ರೂ ಇದೆಯಾ?"

"ಮೊಟ್ಟೆ ತಿಂದೇ ಇಲ್ಲ ಸಿಸ್ಟರ್."

"ಕೇಕ್ ತಿಂತೀರಾ?"

"ತಿಂತೀನಿ."

"ಹಾಗಾದ್ರೆ ಮೊಟ್ಟೆನೂ ತಿಂದಿದ್ದೀರಿ. ತೋಳು ಕೊಡಿ."

ಈ ಲಸಿಕೆಯನ್ನು ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ಬೆಳೆಸುತ್ತಾರೆ. ಆ ಪ್ರಶ್ನೆ ಅದಕ್ಕೆ. ಒಳಗಿರುವುದು ಸತ್ತ ವೈರಸ್ ಅಲ್ಲ, ಜೀವಂತ ವೈರಸ್ಸೇ. ಆದರೆ ಹಲ್ಲು ಕಿತ್ತ ಹಾವಿನ ಥರ. ಹಾಕಿಸಿಕೊಂಡ ಆರನೇ ದಿನ ನನಗೆ ಸಣ್ಣಗೆ ಮೈ ಬಿಸಿಯಾಯಿತು. ಕೆಲವರಿಗೆ ಹೀಗಾಗುತ್ತೆ ಅಂತ ಸಿಸ್ಟರ್ ಮೊದಲೇ ಹೇಳಿದ್ದರು. ರಜೆ ಹಾಕಿ ಮಲಗಿದೆ. ನಿದ್ದೆ ಬರಲಿಲ್ಲ. ಈ ಜ್ವರದ ಹಿಂದುಮುಂದು ಏನು ನೋಡೋಣ ಅಂತ ಸುಮ್ನೆ ಲ್ಯಾಪ್‌ಟಾಪ್ ತೆರೆದೆ. ಊಟದ ಹೊತ್ತಿಗೆ ನಾನು ನೂರಿಪ್ಪತ್ತು ವರ್ಷ ಹಿಂದಿನ ಡಾಕ್ಟರುಗಳ ಕಾಗದ ಓದುತ್ತಾ ಕೂತಿದ್ದೆ. ಅದಾದ ಮೇಲೆ ಕಂಪಾಲಾಕ್ಕೂ ಹೋಗಿ ಬಂದೆ. ಆ ಕಾಗದಗಳು ಮಾತ್ರ ಇನ್ನೂ ಬಿಟ್ಟಿಲ್ಲ.

ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಆ ಸಂಗ್ರಹ ಇದೆ. ಪತ್ರಗಳು, ತಂತಿಗಳು, ಫೋಟೋಗಳು, ಒಪ್ಪಂದದ ಕಾಗದಗಳು. ಅವನ್ನು ಕೂಡಿಹಾಕಿದವರು ಫಿಲಿಪ್ ಹೆಂಚ್ ಅನ್ನುವ ಡಾಕ್ಟರು. ಮೇಯೊ ಕ್ಲಿನಿಕ್‌ನಲ್ಲಿ ಕೀಲುವಾತದ ರೋಗಿಗಳನ್ನು ನೋಡುತ್ತಿದ್ದವರು. ಕಾರ್ಟಿಸೋನ್ ಅನ್ನುವ ಔಷಧದ ಕೆಲಸಕ್ಕಾಗಿ 1950ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಪಡೆದವರು. ಹಳದಿ ಜ್ವರಕ್ಕೂ ಅವರ ಕಸುಬಿಗೂ ಏನೇನೂ ಸಂಬಂಧ ಇಲ್ಲ. ಆದರೂ 1930ರ ದಶಕದ ಕೊನೆಯಿಂದ ಸಾಯುವವರೆಗೂ, 1965ರವರೆಗೂ, ಈ ಹುಚ್ಚು ಅವರನ್ನು ಬಿಡಲಿಲ್ಲ. ಬದುಕಿದ್ದವರನ್ನು ಹುಡುಕಿ ಕಾಗದ ಬರೆದರು, ಸತ್ತವರ ಮನೆಯವರಿಗೆ ಬರೆದರು, ಅಟ್ಟದ ಮೇಲಿನ ಪೆಟ್ಟಿಗೆಗಳನ್ನು ಇಳಿಸಿದರು. ಎಲ್ಲಾ ಸೇರಿಸಿ ಒಂದು ದೊಡ್ಡ ಪುಸ್ತಕ ಬರೆಯಬೇಕು ಅಂತಿದ್ದರು. ಬರೆಯಲೇ ಇಲ್ಲ. ಅವರು ತೀರಿಕೊಂಡ ಮೇಲೆ ಹೆಂಡತಿ ಪೆಟ್ಟಿಗೆಗಳನ್ನೆಲ್ಲ ವರ್ಜೀನಿಯಾಕ್ಕೆ ಕೊಟ್ಟರು.

ನನಗೆ ಅನ್ನಿಸುವುದು, ಆ ಪುಸ್ತಕ ಆಗದೇ ಇದ್ದದ್ದೇ ಒಳ್ಳೆಯದಾಯಿತು. ಪುಸ್ತಕ ಬರೆಯುವವನಿಗೆ ಕೊನೆ ಗೊತ್ತಿರುತ್ತದೆ. ಕಾಗದ ಬರೆಯುವವನಿಗೆ ನಾಳೆ ಏನು ಅಂತಲೂ ಗೊತ್ತಿರುವುದಿಲ್ಲ. ನನ್ನನ್ನು ಹಿಡಿದು ಕೂರಿಸಿದ್ದು ಅದೇ, ಗೊತ್ತಾಗುವ ಮುಂಚಿನ ಆ ದಿನಗಳು.

ಮೊದಲು ಕಣ್ಣಿಗೆ ಬಿದ್ದದ್ದು 1900ರ ಸೆಪ್ಟೆಂಬರ್ 7ರ ಕಾಗದ. ವಾಷಿಂಗ್ಟನ್‌ನಿಂದ ಸೇನೆಯ ಡಾಕ್ಟರು ವಾಲ್ಟರ್ ರೀಡ್, ಕ್ಯೂಬಾದಲ್ಲಿ ಜ್ವರದಿಂದ ಎದ್ದು ಕೂತಿದ್ದ ತನ್ನ ಸಹೋದ್ಯೋಗಿ ಜೇಮ್ಸ್ ಕ್ಯಾರಲ್‌ಗೆ ಬರೆದದ್ದು. ಕ್ಯಾರಲ್ ಗುಣವಾಗುತ್ತಿದ್ದಾನೆ ಅನ್ನುವ ಸುದ್ದಿ ಆಗಷ್ಟೇ ಬಂದಿದೆ. ರೀಡ್ ಆಗ ಐವತ್ತರ ಹತ್ತಿರದ ಮೇಜರ್, ಬಲು ಶಿಸ್ತಿನ ಮನುಷ್ಯ. ಆ ಮನುಷ್ಯ 'ಹಿಪ್ ಹಿಪ್ ಹುರ್ರಾ' ಅಂತ ಶುರು ಮಾಡುತ್ತಾನೆ. ದೇವರು ದೊಡ್ಡವನು, ಇವತ್ತು ಹೋಗಿ ಕಂಠಪೂರ್ತಿ ಕುಡಿಯುತ್ತೇನೆ ಅನ್ನುತ್ತಾನೆ. ತಾನು ಒದ್ದಾಡುತ್ತಿದ್ದ ಟೈಫಾಯ್ಡ್ ವರದಿಯೂ ಅದೇ ದಿನ ಮುಂದೆ ಹೋಯಿತಂತೆ. ಹಾಗಾದರೆ ಎರಡು ಸಲ ಕುಡಿಯಬೇಕು ಅನ್ನುತ್ತಾನೆ. ಬೇಗ ಬಾ, ಹೆಂಡತಿ ಮಕ್ಕಳನ್ನು ನೋಡು ಅನ್ನುತ್ತಾನೆ. ಎಲ್ಲಾ ಬರೆದು ಮುಗಿಸಿ, ಲಕೋಟೆಯ ಬೆನ್ನ ಮೇಲೆ ಒಂದೇ ಸಾಲು: ಸೊಳ್ಳೆಯೇ ಮಾಡಿದ್ದಾ?

ಒಳಗೆಲ್ಲ ಗೆಳೆಯ, ಹೊರಗೆ ವಿಜ್ಞಾನಿ. ಬದುಕಿದೆಯಲ್ಲ ಅನ್ನುವ ಖುಷಿ ನಿಜ. ಆದರೆ ಆ ಪ್ರಶ್ನೆ ಎದೆಯೊಳಗೆ ಕೊರೆಯುತ್ತಿದೆ, ಕೇಳದೇ ಇರಲಾರ. ಕಾಯಿಲೆಯವನಿಗೆ ಬರೆದ ಪತ್ರದೊಳಗೆ ಕೇಳಿದರೆ ಚೆನ್ನಾಗಿರುವುದಿಲ್ಲ ಅಂತ ಸಂಕೋಚ ಇತ್ತೋ, ಅಥವಾ ಅಂಟಿಸಿದ ಮೇಲೆ ತಡೆಯಲಾಗದೆ ಬರೆದನೋ. ನಾನಂತೂ ಎರಡನೆಯದು ಅಂದುಕೊಂಡಿದ್ದೇನೆ.

ಹಿಂದಿನ ಕಥೆ ಸ್ವಲ್ಪ ಹೇಳಬೇಕು. ಹಳದಿ ಜ್ವರ ಅಂದರೆ ಆ ಕಾಲದ ಅಮೆರಿಕ ಖಂಡಗಳಲ್ಲಿ ಮಾರಿ. ಜ್ವರ, ಬೆನ್ನುನೋವು, ಕಣ್ಣು ಮೈ ಹಳದಿ, ಕೊನೆಗೆ ಕಪ್ಪು ವಾಂತಿ. ಕಪ್ಪು ಅಂದರೆ ಹೊಟ್ಟೆಯೊಳಗೆ ಸೋರಿದ ರಕ್ತ. 1793ರಲ್ಲಿ ಫಿಲಡೆಲ್ಫಿಯಾದಲ್ಲಿ ಸುಮಾರು 5,000 ಜನ ಸತ್ತರು, ಊರಿನ ಹತ್ತರಲ್ಲಿ ಒಬ್ಬರು. ಆಗ ಅಲ್ಲಿದ್ದ ದೊಡ್ಡ ಡಾಕ್ಟರು ಬೆಂಜಮಿನ್ ರಶ್, ಊರು ಬಿಟ್ಟು ಹೋಗಿದ್ದ ಹೆಂಡತಿಗೆ ಬರೆಯುತ್ತಲೇ ಇದ್ದರು. ರೋಗಿಗಳ ಮೈಯಿಂದ ರಕ್ತ ತೆಗೆದು ತೆಗೆದು ಗುಣ ಮಾಡುತ್ತಿದ್ದೇನೆ ಅನ್ನುವ ನಂಬಿಕೆ ಅವರದು. ಪಾಪ ರೋಗಿಗಳು. ಕಾಯಿಲೆಯಿಂದ ಉಳಿದರೂ ಡಾಕ್ಟರಿಂದ ಉಳಿಯಬೇಕಿತ್ತು. ಕೆಲವು ವರ್ಷದ ಮೇಲೆ ಅದೇ ಊರಿನಲ್ಲಿ ಡಾಕ್ಟರಿಕೆ ಓದುತ್ತಿದ್ದ ಸ್ಟಬಿನ್ಸ್ ಫರ್ತ್ ಅನ್ನುವವನು, ಇದು ಅಂಟುರೋಗವಲ್ಲ ಅಂತ ತೋರಿಸಲು ರೋಗಿಯ ಕಪ್ಪು ವಾಂತಿಯನ್ನೇ ಕುಡಿದ. ಅವನಿಗೆ ಏನೂ ಆಗಲಿಲ್ಲ. ಊಟ ಮಾಡುತ್ತಾ ಇದನ್ನು ಓದುತ್ತಿರುವವರು ಕ್ಷಮಿಸಿ.

1898ರಲ್ಲಿ ಅಮೆರಿಕ ಸ್ಪೇನಿನ ಜೊತೆ ಯುದ್ಧ ಮಾಡಿ ಕ್ಯೂಬಾವನ್ನು ಹಿಡಿಯಿತು. ಹವಾನಾದಲ್ಲಿ ಈ ಜ್ವರ ಮನೆ ಮಾಡಿಕೊಂಡಿತ್ತು. 1900ರ ಮೇ ತಿಂಗಳಲ್ಲಿ ಸೇನೆ ನಾಲ್ವರ ಮಂಡಳಿ ಮಾಡಿ ಕಳಿಸಿತು. ರೀಡ್, ಕ್ಯಾರಲ್, ಜೆಸ್ಸಿ ಲಜೀರ್, ಅರಿಸ್ತಿದೆಸ್ ಅಗ್ರಮೊಂತೆ. ಮೊದಲು ಅವರು ಹುಡುಕಿದ್ದು ಬ್ಯಾಕ್ಟೀರಿಯಾವನ್ನು. ಇಟಲಿಯ ಸನರೆಲ್ಲಿ ಅನ್ನುವವರು ಒಂದು ಬ್ಯಾಕ್ಟೀರಿಯಾ ತೋರಿಸಿ ಇದೇ ಕಾರಣ ಅಂದಿದ್ದರು. ರೋಗಿಗಳ ರಕ್ತದಲ್ಲಿ ಅದು ಇವರಿಗೆ ಸಿಗಲಿಲ್ಲ. ದಾರಿ ಮುಚ್ಚಿತು.

ಆಗ ಅವರು ಹವಾನಾದ ಒಬ್ಬ ಮುದುಕನ ಮನೆಗೆ ಹೋದರು. ಕಾರ್ಲೋಸ್ ಫಿನ್ಲೇ. ಕ್ಯೂಬಾದಲ್ಲೇ ಹುಟ್ಟಿದವರು, ಅಪ್ಪ ಸ್ಕಾಟ್ಲೆಂಡಿನವರು, ಅಮ್ಮ ಫ್ರೆಂಚ್. 1881ರಲ್ಲೇ ಫಿನ್ಲೇ ಹವಾನಾದ ವಿಜ್ಞಾನ ಅಕಾಡೆಮಿಯಲ್ಲಿ ಎದ್ದು ನಿಂತು, ಹಳದಿ ಜ್ವರ ಹರಡುವುದು ಸೊಳ್ಳೆಯಿಂದ ಅಂದಿದ್ದರು. ಯಾವುದೋ ಸೊಳ್ಳೆ ಅಂತಲ್ಲ, ಇಂಥದ್ದೇ ಸೊಳ್ಳೆ ಅಂತ ತೋರಿಸಿ ಹೇಳಿದ್ದರು. ನಾವು ಇವತ್ತು ಈಡಿಸ್ ಈಜಿಪ್ಟೈ ಅನ್ನುವ, ಕಾಲಿಗೆ ಬಿಳಿ ಪಟ್ಟೆ ಇರುವ, ಹಗಲು ಕಚ್ಚುವ ಸೊಳ್ಳೆ. ಬೆಂಗಳೂರಿನವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ, ನಮಗೆ ಡೆಂಗ್ಯೂ ಕೊಡುವುದು ಅದೇ. ಜನ ನಕ್ಕರು. ಹತ್ತೊಂಬತ್ತು ವರ್ಷ ನಗುತ್ತಲೇ ಇದ್ದರು. ಫಿನ್ಲೇ ನೂರಕ್ಕೂ ಹೆಚ್ಚು ಜನರಿಗೆ ಸೊಳ್ಳೆ ಕಚ್ಚಿಸಿ ನೋಡಿದ್ದರು. ಆದರೆ ಒಪ್ಪುವಂಥ ಸಾಕ್ಷಿ ಸಿಕ್ಕಿರಲಿಲ್ಲ. ಅಮೆರಿಕದ ಡಾಕ್ಟರುಗಳು ಬಾಗಿಲಿಗೆ ಬಂದಾಗ ಅವರು ಮುಖ ತಿರುಗಿಸಲಿಲ್ಲ. ಪಿಂಗಾಣಿ ಬಟ್ಟಲಿನಲ್ಲಿಟ್ಟಿದ್ದ ಕಪ್ಪು ಕಪ್ಪು ಸೊಳ್ಳೆ ಮೊಟ್ಟೆಗಳನ್ನು ಕೊಟ್ಟು ಕಳಿಸಿದರು. ಮುಂದೆ ನಡೆದದ್ದಕ್ಕೆಲ್ಲ ಮೂಲ ಆ ಮೊಟ್ಟೆಗಳು.

ಫಿನ್ಲೇ ಎಲ್ಲಿ ಎಡವಿದ್ದರು? ಅದಕ್ಕೆ ಉತ್ತರ ಇದ್ದದ್ದು ಮಿಸಿಸಿಪಿಯ ಹಳ್ಳಿಗಳಲ್ಲಿ. ಹೆನ್ರಿ ರೋಸ್ ಕಾರ್ಟರ್ ಅನ್ನುವ ಡಾಕ್ಟರು 1898ರಲ್ಲಿ ಆರ್ವುಡ್, ಟೇಲರ್ ಅನ್ನುವ ಊರುಗಳ ಸುತ್ತ, ದೂರ ದೂರ ಇದ್ದ ತೋಟದ ಮನೆಗಳಲ್ಲಿ ಒಂದು ಲೆಕ್ಕ ಇಟ್ಟರು. ಯಾರ ಮನೆಯಲ್ಲಿ ಯಾವತ್ತು ಮೊದಲು ಜ್ವರ ಬಂತು, ಅಲ್ಲಿಗೆ ಯಾರು ಯಾವತ್ತು ಹೋದರು, ಹೋದವರಲ್ಲಿ ಯಾರು ಮಲಗಿದರು. ಅಷ್ಟೇ. ನಮ್ಮೂರಿನ ಕಡೆ ಮದುವೆ ಮನೆಯಲ್ಲಿ ಮುಯ್ಯಿ ಬರೆದಿಡುತ್ತಾರಲ್ಲ, ಹಾಗೆ. ನೋಡಿದರೆ ವಿಚಿತ್ರ. ಜ್ವರ ಬಂದ ಮೊದಲ ಹತ್ತು ಹನ್ನೆರಡು ದಿನ ಆ ಮನೆಗೆ ಹೋಗಿ, ರೋಗಿಯ ಪಕ್ಕದಲ್ಲೇ ಕೂತು ಬಂದವರಿಗೆ ಏನೂ ಆಗಿಲ್ಲ. ಎರಡು ವಾರ ಕಳೆದ ಮೇಲೆ ಹೋದವರಿಗೆ ಬಂದಿದೆ. ಅಷ್ಟು ಹೊತ್ತಿಗೆ ರೋಗಿ ಗುಣವಾಗಿರಬಹುದು, ಸತ್ತು ಮಣ್ಣಾಗಿಯೂ ಇರಬಹುದು. ಅಂದರೆ ವಿಷ ರೋಗಿಯಲ್ಲಿಲ್ಲ. ಮನೆಯಲ್ಲಿ ಬೇರೆಲ್ಲೋ ಕೂತು ಹದಿನೈದು ದಿನ ಹಣ್ಣಾಗುತ್ತಿದೆ.

ಆ 'ಬೇರೆಲ್ಲೋ' ಸೊಳ್ಳೆಯ ಹೊಟ್ಟೆ ಆಗಿದ್ದರೆ? ರೋಗಿಯನ್ನು ಕಚ್ಚಿದ ಸೊಳ್ಳೆ ತಕ್ಷಣ ಇನ್ನೊಬ್ಬರನ್ನು ಕಚ್ಚಿದರೆ ಏನೂ ಆಗುವುದಿಲ್ಲ. ಹನ್ನೆರಡು ದಿನವಾದರೂ ಕಾಯಬೇಕು. ರೋಗಿಯನ್ನು ಅದು ಕಚ್ಚಿದ್ದೂ ಜ್ವರದ ಮೊದಲ ಮೂರು ದಿನದೊಳಗೇ ಆಗಿರಬೇಕು. ಫಿನ್ಲೇ ಕಾದಿದ್ದು ಸಾಲದಾಗಿತ್ತು. ಹತ್ತೊಂಬತ್ತು ವರ್ಷ ಜನರ ನಗು ಸಹಿಸಿಕೊಂಡವರಿಗೆ ಕೊರತೆ ಬಿದ್ದದ್ದು ಕೆಲವೇ ದಿನಗಳ ಕಾಯುವಿಕೆ.

ಇನ್ನು ಲಜೀರ್. ನನಗೆ ಈ ಪೆಟ್ಟಿಗೆಯೊಳಗೆ ಬಹಳ ಹಚ್ಚಿಕೊಂಡವನು ಅವನೇ. ಮೂವತ್ತನಾಲ್ಕು ವರ್ಷ. ಬಾಲ್ಟಿಮೋರಿನವನು. ನಾಲ್ವರಲ್ಲಿ ಸೊಳ್ಳೆ ಸಾಕುವುದು ಗೊತ್ತಿದ್ದದ್ದು ಅವನಿಗೆ, ಮಲೇರಿಯಾ ಕೆಲಸ ಮಾಡಿದ್ದ. ಅಷ್ಟರಲ್ಲಿ ರೊನಾಲ್ಡ್ ರಾಸ್ ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು ಸಿಕಂದರಾಬಾದಿನಲ್ಲಿ ಹಿಡಿದು ಮೂರು ವರ್ಷ ಆಗಿತ್ತು. ಈ ರಾಸ್ 1880ರ ದಶಕದಲ್ಲಿ ಬೆಂಗಳೂರಿನ ದಂಡಿನಲ್ಲಿ ಡಾಕ್ಟರಾಗಿದ್ದಾಗ, ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಹುಳು ಇದ್ದದ್ದು ನೋಡಿ, ತೊಟ್ಟಿ ಮಗುಚಿ ಸೊಳ್ಳೆ ಕಾಟ ತಪ್ಪಿಸಿಕೊಂಡ ಕಥೆ ಅವರೇ ಬರೆದಿದ್ದಾರೆ. ಅವರೂ ಅಷ್ಟೆ, ಲಂಡನ್ನಿನಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನ್ ಅನ್ನುವ ಡಾಕ್ಟರಿಗೆ ವರ್ಷಗಟ್ಟಲೆ ಕಾಗದ ಬರೆದರು, ಅದರಲ್ಲಿ ಕೆಲವು ನಮ್ಮ ಬೆಂಗಳೂರಿನಿಂದ. ಅದು ಬೇರೆಯೇ ಪೆಟ್ಟಿಗೆ, ಇನ್ನೊಮ್ಮೆ ನೋಡೋಣ.

ಆಗಸ್ಟ್ 27ರಂದು ಲಜೀರ್ ಒಂದು ಗಾಜಿನ ನಳಿಗೆಯಲ್ಲಿದ್ದ ಸೊಳ್ಳೆಯನ್ನು ಕ್ಯಾರಲ್‌ನ ತೋಳಿಗೆ ಹಿಡಿದ. ಅದು ಹನ್ನೆರಡು ದಿನ ಹಿಂದೆ ಒಬ್ಬ ರೋಗಿಯನ್ನು ಕಚ್ಚಿದ ಸೊಳ್ಳೆ. ಕ್ಯಾರಲ್‌ಗೆ ನಲವತ್ತಾರು ವರ್ಷ, ಐದು ಮಕ್ಕಳು. ಸೊಳ್ಳೆಯ ಮಾತನ್ನು ಅವನು ಅಷ್ಟಾಗಿ ನಂಬಿರಲೂ ಇಲ್ಲ. ಎರಡು ಮೂರು ದಿನದಲ್ಲಿ ಮಲಗಿದ. ಸಾವಿನ ಬಾಗಿಲು ತಟ್ಟಿ ಬಂದ. ಜ್ವರದಲ್ಲಿ ಅವನು "ನನಗೆ ಇದು ಸೊಳ್ಳೆಯಿಂದ ಬಂತು" ಅಂದದ್ದನ್ನು ನರ್ಸು ಸನ್ನಿಯ ಮಾತು ಅಂತ ಬರೆದುಕೊಂಡಳು ಅಂತ ಒಂದು ಕಥೆಯೂ ಇದೆ. ರೀಡ್ ಲಕೋಟೆಯ ಮೇಲೆ ಕೇಳಿದ್ದು ಈ ಸೊಳ್ಳೆಯ ವಿಷಯವನ್ನೇ.

ಮರುದಿನ, ಸೆಪ್ಟೆಂಬರ್ 8. ಲಜೀರ್ ಹೆಂಡತಿ ಮೇಬಲ್‌ಗೆ ಬರೆಯುತ್ತಾನೆ. ಅವಳು ಹೆರಿಗೆಗೆ ಅಮೆರಿಕಕ್ಕೆ ಹೋಗಿದ್ದಳು. ಎರಡನೇ ಮಗು ಹುಟ್ಟಿ ಕೆಲವೇ ದಿನ. ಆ ಮಗುವನ್ನು ಅವನು ಇನ್ನೂ ನೋಡಿಲ್ಲ. ಬರೆಯುತ್ತಾನೆ: ನಿಜವಾದ ರೋಗಾಣುವಿನ ಜಾಡು ಹಿಡಿದಿದ್ದೇನೆ ಅನ್ನಿಸುತ್ತಿದೆ. ಆದರೆ ಈಗಲೇ ಏನೂ ಹೇಳಬಾರದು, ಸುಳಿವನ್ನೂ ಕೊಡಬಾರದು. ಒಂದು ಪಿಳ್ಳೆಗೂ ನಾನು ಹೇಳಿಲ್ಲ.

ಒಂದು ಪಿಳ್ಳೆಗೂ ಹೇಳಿಲ್ಲ ಅನ್ನುವವನು ಅವಳಿಗೆ ಹೇಳಿಬಿಟ್ಟ ಅಲ್ವಾ. ಈ ಸಾಲು ಓದಿ ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಯಾಕೆಂದರೆ ನನಗೆ ಮುಂದಿನ ತಾರೀಖುಗಳು ಗೊತ್ತಿದ್ದವು. ಅವನಿಗೆ ಗೊತ್ತಿರಲಿಲ್ಲ. ಸೆಪ್ಟೆಂಬರ್ 13ರಂದು ಅವನಿಗೆ ಸೊಳ್ಳೆ ಕಚ್ಚಿತು. 18ಕ್ಕೆ ಮೈ ಸರಿಯಿಲ್ಲ ಅಂದ. 25ಕ್ಕೆ ಸತ್ತ. ಅವನು ಮಲಗಿದ್ದಾನೆ ಅನ್ನುವುದೇ ಮೇಬಲ್‌ಗೆ ಗೊತ್ತಿರಲಿಲ್ಲ. ಅವಳಿಗೆ ಬಂದದ್ದು ಸತ್ತ ಅನ್ನುವ ತಂತಿ.

ಕಚ್ಚಿದ್ದು ಹೇಗೆ? ಆಸ್ಪತ್ರೆಯಲ್ಲಿ ರೋಗಿಯ ಹತ್ತಿರ ನಿಂತಿದ್ದಾಗ ಯಾವುದೋ ಸೊಳ್ಳೆ ಬಂದು ಕೈಮೇಲೆ ಕೂತಿತು, ಓಡಿಸಲಿಲ್ಲ ಅಂತ ಅವನೇ ಹೇಳಿದ್ದ. ಆದರೆ ಅವನ ಜೇಬಿನ ನೋಟ್‌ಬುಕ್ಕಿನಲ್ಲಿ ಅದೇ ದಿನಕ್ಕೆ, ಹೆಸರಿಲ್ಲದ ಒಬ್ಬ 'ಗಿನಿಯಿಲಿ'ಗೆ, ಅಂದರೆ ಪ್ರಯೋಗಕ್ಕೆ ಮೈಯೊಡ್ಡಿದ ಮನುಷ್ಯನಿಗೆ, ಸೊಳ್ಳೆ ಕಚ್ಚಿಸಿದ ಟಿಪ್ಪಣಿ ಇತ್ತು. ತನ್ನ ಮೇಲೇ ಪ್ರಯೋಗ ಮಾಡಿಕೊಂಡ ಅಂತ ಬರೆದರೆ ಆತ್ಮಹತ್ಯೆ ಅನ್ನಿಸಿಕೊಂಡು ಹೆಂಡತಿಗೆ ಬರುವ ವಿಮೆ ಹಣ ತಪ್ಪಬಹುದು ಅಂತ ಮುಚ್ಚಿಟ್ಟ ಅನ್ನುವವರಿದ್ದಾರೆ. ಆ ನೋಟ್‌ಬುಕ್ ರೀಡ್ ಕೈ ಸೇರಿತ್ತು. ರೀಡ್ ಸತ್ತ ಮೇಲೆ ಅದು ಕಾಣೆಯಾಯಿತು. ಇಷ್ಟು ಕಾಗದಗಳ ರಾಶಿಯ ನಡುವೆ ಬೇಕಾದ ಒಂದು ಪುಸ್ತಕ ಮಾತ್ರ ಇಲ್ಲ.

ರೀಡ್ ಆಗ ವಾಷಿಂಗ್ಟನ್‌ನಲ್ಲಿದ್ದ. ಅದು ಅವನನ್ನು ಸುಡುತ್ತಿತ್ತು. ಸೇನೆಯ ಇನ್ನೊಬ್ಬ ಡಾಕ್ಟರ್ ಗೆಳೆಯನಿಗೆ ಬರೆಯುತ್ತಾನೆ: ಜೊತೆಯವರು ಒಬ್ಬೊಬ್ಬರಾಗಿ ಮಲಗುತ್ತಿರುವಾಗ ನಾನು ಇಲ್ಲಿ ಸುರಕ್ಷಿತವಾಗಿ ಕೂತಿದ್ದೇನಲ್ಲ ಅಂತ ನಾಚಿಕೆಯಾಗುತ್ತಿದೆ. ವಾಪಸ್ ಹೋಗಬೇಡ ಅಂತ ಮೇಲಿನವರೇ ಅಂದರು, ಆದರೆ ನನ್ನ ಜಾಗ ಕ್ಯೂಬಾ. ಅವನ ಪ್ರಬಂಧ ಓದಿ ನೋಡಿ. ಈ ನಾಚಿಕೆಗೆ ಅದರಲ್ಲಿ ಜಾಗವೇ ಇಲ್ಲ.

ಅಕ್ಟೋಬರ್‌ನಲ್ಲಿ ರೀಡ್ ಹಿಂತಿರುಗಿದ. ಅದೇ ತಿಂಗಳ ಕೊನೆಗೆ ಮೊದಲ ಟಿಪ್ಪಣಿ ಪ್ರಕಟವಾಯಿತು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಸೊಳ್ಳೆಯ ವಾದವನ್ನು ಹಾಸ್ಯ ಮಾಡಿ ಬರೆಯಿತು, ಹಳದಿ ಜ್ವರದ ಬಗ್ಗೆ ಅಚ್ಚಾದ ಅವಿವೇಕಗಳಲ್ಲೆಲ್ಲ ಇದೇ ಮೇಲು ಅಂತ. ಆಗ ಅವರು ಹವಾನಾದ ಹೊರಗೆ ಒಂದು ಶಿಬಿರ ಹಾಕಿದರು. ಹೆಸರು ಕ್ಯಾಂಪ್ ಲಜೀರ್. ಎರಡು ಸಣ್ಣ ಮರದ ಮನೆಗಳು.

ಒಂದನೇ ಮನೆಯಲ್ಲಿ ಸೊಳ್ಳೆ ಇಲ್ಲ. ಹಳದಿ ಜ್ವರದಲ್ಲಿ ಸತ್ತವರ, ನರಳಿದವರ ಹಾಸಿಗೆ, ಹೊದಿಕೆ, ಅಂಗಿ, ವಾಂತಿ ಭೇದಿ ಸಮೇತ ಪೆಟ್ಟಿಗೆಗಳಲ್ಲಿ ತಂದಿಟ್ಟರು. ಕಿಟಕಿ ಮುಚ್ಚಿ ಒಲೆ ಹಚ್ಚಿ ಬಿಸಿ ಮಾಡಿದರು. ಕುಕ್ ಅನ್ನುವ ಡಾಕ್ಟರು, ಫೋಕ್ ಮತ್ತು ಜರ್ನಿಗನ್ ಅನ್ನುವ ಇಬ್ಬರು ಸಿಪಾಯಿಗಳು ಒಳಗೆ ಹೋದರು. ಪೆಟ್ಟಿಗೆ ತೆರೆದ ಕೂಡಲೇ ವಾಕರಿಕೆ ತಡೆಯಲಾಗದೆ ಹೊರಗೆ ಓಡಿ ಬಂದರು. ಸ್ವಲ್ಪ ಹೊತ್ತು ಗಾಳಿ ಕುಡಿದು ಮತ್ತೆ ಒಳಗೆ ಹೋದರು. ಆ ಹೊದಿಕೆ ಹೊದ್ದುಕೊಂಡು ಇಪ್ಪತ್ತು ರಾತ್ರಿ ಮಲಗಿದರು. ಯಾರಿಗೂ ಏನೂ ಆಗಲಿಲ್ಲ. ಬಟ್ಟೆಯಿಂದ ಬರುತ್ತದೆ ಅಂತ ಶತಮಾನಗಟ್ಟಲೆ ಬಟ್ಟೆ ಸುಟ್ಟದ್ದೆಲ್ಲ ವ್ಯರ್ಥ.

ಎರಡನೇ ಮನೆ ಚೊಕ್ಕಟ. ನಡುವೆ ತಂತಿಬಲೆಯ ಗೋಡೆ. ಒಂದು ಬದಿಗೆ ಹದಿನೈದು ಸೊಳ್ಳೆ ಬಿಟ್ಟರು. ಡಿಸೆಂಬರ್ 21ರಂದು ಜಾನ್ ಮೋರನ್ ಅನ್ನುವ ಗುಮಾಸ್ತ ಸ್ನಾನ ಮಾಡಿ, ಶುಭ್ರ ಅಂಗಿ ತೊಟ್ಟು ಆ ಬದಿಗೆ ಹೋಗಿ ಮಲಗಿದ. ಬಲೆಯ ಈಚೆ ಇನ್ನಿಬ್ಬರು. ಕ್ರಿಸ್‌ಮಸ್ ದಿನ ಮೋರನ್‌ಗೆ ಜ್ವರ. ಈಚೆಯವರಿಗೆ ಏನೂ ಇಲ್ಲ. ಅದೇ ಗಾಳಿ, ಅದೇ ಮನೆ, ನಡುವೆ ಒಂದು ಬಲೆ ಅಷ್ಟೇ. ಇದಕ್ಕಿಂತ ಸರಳವಾದ ಪ್ರಯೋಗ ನಾನು ಓದಿಲ್ಲ. ಮೋರನ್ ಬದುಕಿದ. ಅವನಿಗಿಂತ ಮುಂಚೆ ಸೊಳ್ಳೆ ಕಚ್ಚಿಸಿಕೊಂಡು ಮಲಗಿದ್ದ ಸಿಪಾಯಿ ಕಿಸಿಂಜರ್ ಕೂಡ ಬದುಕಿದ. ಇಬ್ಬರೂ ದುಡ್ಡು ಬೇಡ ಅಂದಿದ್ದರು.

ದುಡ್ಡಿಗೆ ಒಪ್ಪಿದವರೂ ಇದ್ದರು. ಸ್ಪೇನಿನಿಂದ ಹೊಟ್ಟೆಪಾಡಿಗೆ ಆಗಷ್ಟೇ ಹಡಗಿನಲ್ಲಿ ಬಂದವರು. ಅವರ ಜೊತೆ ಮಾಡಿಕೊಂಡ ಒಪ್ಪಂದದ ಕಾಗದ ಪೆಟ್ಟಿಗೆಯಲ್ಲಿದೆ. ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ. ಪ್ರಯೋಗಕ್ಕೆ ಒಪ್ಪಿದರೆ 100 ಡಾಲರ್ ಚಿನ್ನದ ರೂಪದಲ್ಲಿ, ಜ್ವರ ಬಂದರೆ ಇನ್ನೂ 100. ಜೀವಕ್ಕೆ ಸ್ವಲ್ಪ ಮಟ್ಟಿಗೆ ಅಪಾಯ ಇದೆ ಅಂತ ಸಹಿ ಹಾಕುವವನಿಗೆ ಚೆನ್ನಾಗಿ ಗೊತ್ತಿದೆ, ಆದರೆ ಈ ದ್ವೀಪದಲ್ಲಿ ಇದ್ದ ಮೇಲೆ ಹೇಗೂ ಜ್ವರ ತಪ್ಪುವುದಿಲ್ಲವಾದ್ದರಿಂದ ಬೇಕಂತಲೇ ಬರಿಸಿಕೊಳ್ಳಲು ಒಪ್ಪಿದ್ದಾನೆ ಅಂತ ಇದೆ. ಮನುಷ್ಯನ ಮೇಲಿನ ಪ್ರಯೋಗಕ್ಕೆ ಲಿಖಿತ ಒಪ್ಪಿಗೆ ಪಡೆದ ಮೊದಮೊದಲ ಉದಾಹರಣೆ ಇದು ಅಂತ ಹೊಗಳುತ್ತಾರೆ. ಹೊಗಳಬೇಕಾದ್ದೇ. ಆದರೂ 'ಹೇಗೂ ತಪ್ಪುವುದಿಲ್ಲವಾದ್ದರಿಂದ' ಅನ್ನುವ ಆ ಮಾತು ನನಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಅದು ಸಹಿ ಹಾಕಿದವನ ಮಾತಲ್ಲ, ಬರೆಸಿದವರ ಮಾತು.

ವರ್ಷದ ಕೊನೆಯ ರಾತ್ರಿ ರೀಡ್ ಹೆಂಡತಿ ಎಮಿಲಿಗೆ ಬರೆದ ಕಾಗದ ಈ ಸಂಗ್ರಹದಲ್ಲೇ ಹೆಸರಾದದ್ದು. 1900, ಡಿಸೆಂಬರ್ 31, ರಾತ್ರಿ 11 ಗಂಟೆ 50 ನಿಮಿಷ. ಹಳೆಯ ಶತಮಾನದಲ್ಲಿ ಇನ್ನು ಹತ್ತೇ ನಿಮಿಷ ಉಳಿದಿದೆ ಅಂತ ಶುರು. 1853ರಲ್ಲಿ ಹಳದಿ ಜ್ವರದ ಮೇಲೆ ಬರೆದ ಒಂದು ದೊಡ್ಡ ಪುಸ್ತಕ ಓದುತ್ತಾ ಕೂತಿದ್ದೇನೆ, ಆಮೇಲೆ 47 ವರ್ಷಕ್ಕೆ ಆ ಪರದೆ ಎತ್ತುವ ಭಾಗ್ಯ ನನಗೂ ನನ್ನ ಜೊತೆಯವರಿಗೂ ಸಿಕ್ಕಿತು ಅನ್ನುತ್ತಾನೆ. ಮನುಷ್ಯರ ನೋವು ಕಡಿಮೆ ಮಾಡುವ ಏನಾದರೂ ಮಾಡಿಸು ಅಂತ ಇಪ್ಪತ್ತು ವರ್ಷದಿಂದ ಬೇಡುತ್ತಿದ್ದೆ, ಅದು ಕೈಗೂಡಿತು ಅನ್ನುತ್ತಾನೆ. ಕೊನೆಗೆ, ಕೇಳು, ಇಪ್ಪತ್ತನಾಲ್ಕು ಕಹಳೆಯವರು ಒಟ್ಟಿಗೆ ಹಳೇ ವರ್ಷಕ್ಕೆ ವಿದಾಯ ಊದುತ್ತಿದ್ದಾರೆ ಅನ್ನುತ್ತಾನೆ. ಕೇಳು ಅಂದರೆ ಅವಳಿಗೆಲ್ಲಿ ಕೇಳಬೇಕು, ಅವಳು ಸಮುದ್ರದಾಚೆ. ಆದರೂ ಹೇಳುತ್ತಾನೆ.

ಇನ್ನೊಂದು ಕಾಗದ ಇದೆ, ಕಡಿಮೆ ಜನ ಓದಿರುವುದು. 1901ರ ಫೆಬ್ರವರಿಯಲ್ಲಿ ರೀಡ್, ಮಿಸಿಸಿಪಿಯಲ್ಲಿ ಲೆಕ್ಕ ಬರೆದಿಟ್ಟ ಆ ಕಾರ್ಟರ್‌ಗೆ ಬರೆದದ್ದು. ನಡುವೆ ಒಂದು ಆಶ್ರಯಜೀವಿ, ಅಂದರೆ ರೋಗಾಣುವಿಗೆ ಜಾಗ ಕೊಡುವ ಇನ್ನೊಂದು ಜೀವಿ, ಇರಲೇಬೇಕು ಅಂತ ನನಗೆ ಮನವರಿಕೆ ಮಾಡಿದ್ದು ಬೇರೆಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಮಿಸಿಸಿಪಿಯ ಕೆಲಸ, ಅದನ್ನು ಮರೆಯಬೇಡಿ ಅಂತ. ಹೆಸರು ಬಂದದ್ದು ರೀಡ್‌ಗೆ. ವಾಷಿಂಗ್ಟನ್ ಹತ್ತಿರದ ದೊಡ್ಡ ಸೇನಾ ಆಸ್ಪತ್ರೆಗೇ ಅವನ ಹೆಸರು. ಕಾರ್ಟರ್ ಯಾರು ಅಂತ ಎಷ್ಟು ಜನರಿಗೆ ಗೊತ್ತು? ಫಿನ್ಲೇ ಹೆಸರು ಹಲವು ಸಲ ನೊಬೆಲ್‌ಗೆ ಹೋಯಿತು, ಬಹುಮಾನ ಬರಲಿಲ್ಲ. ಅಮೆರಿಕದವರು ನಮ್ಮವರಿಂದ ಕಿತ್ತುಕೊಂಡರು ಅನ್ನುವ ಮಾತು ಕ್ಯೂಬಾದಲ್ಲಿ ಇವತ್ತಿಗೂ ಇದೆ. ಕ್ಯಾರಲ್‌ನದು ಇನ್ನೊಂದು ಕೊರಗು. ರೋಗಿಯ ರಕ್ತವನ್ನು ಬ್ಯಾಕ್ಟೀರಿಯಾ ದಾಟದಷ್ಟು ಸೂಕ್ಷ್ಮವಾದ ಸೋಸಣಿಗೆಯಲ್ಲಿ ಸೋಸಿ ಚುಚ್ಚಿದರೂ ಜ್ವರ ಬರುತ್ತದೆ ಅಂತ 1901ರಲ್ಲಿ ತೋರಿಸಿದ್ದು ಅವನು. ಮನುಷ್ಯನಿಗೆ ಕಾಯಿಲೆ ತರುವ ವೈರಸ್ ಮೊದಲು ಸಿಕ್ಕಿದ್ದು ಹಾಗೆ. ಅದಕ್ಕೆ ತಕ್ಕ ಹೆಸರು ಬರಲಿಲ್ಲ. ರೀಡ್ 1902ರಲ್ಲಿ ಅಪೆಂಡಿಸೈಟಿಸ್‌ನಿಂದ ಸತ್ತ. ಕ್ಯಾರಲ್ 1907ರಲ್ಲಿ ಹೃದಯದ ಕಾಯಿಲೆಯಿಂದ.

ಹವಾನಾದಲ್ಲಿ ಏನಾಯಿತು ಅಂತ ಬೇಗ ಹೇಳಿಬಿಡುತ್ತೇನೆ. ವಿಲಿಯಂ ಗೋರ್ಗಾಸ್ ಅನ್ನುವ ಅಧಿಕಾರಿ ಮನೆಮನೆಗೆ ಆಳು ಕಳಿಸಿ ನೀರಿನ ಪಾತ್ರೆ ಮುಚ್ಚಿಸಿದರು, ನಿಂತ ನೀರಿಗೆ ಸೀಮೆಎಣ್ಣೆ ಸುರಿಸಿದರು, ರೋಗಿಗಳ ಕೋಣೆಗೆ ಬಲೆ ಹಾಕಿಸಿದರು, ಹುಳು ಸಿಕ್ಕ ಮನೆಯವರಿಗೆ ದಂಡ ಹಾಕಿದರು. 1901ರ ಸೆಪ್ಟೆಂಬರ್ ಹೊತ್ತಿಗೆ ಊರಲ್ಲಿ ಹಳದಿ ಜ್ವರ ನಿಂತಿತು. ನಮ್ಮ ಬೀದಿಯಲ್ಲಿ ಮಳೆಗಾಲದಲ್ಲಿ ಟಾರ್ಚ್ ಹಿಡಿದು ಡ್ರಮ್ಮು, ಹೂವಿನ ಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ ನೋಡಲು ಬರುತ್ತಾರಲ್ಲ, ಅವರನ್ನು ನಾನು ಮೊದಲು ಬಾಗಿಲಲ್ಲೇ ಸಾಗಹಾಕುತ್ತಿದ್ದೆ. ಈಗ ಒಳಗೆ ಕರೆಯುತ್ತೇನೆ.

ಹೆಂಚ್ ಕಾಲಕ್ಕೆ ಬರೋಣ. ನಲವತ್ತು ವರ್ಷ ಕಳೆದ ಮೇಲೆ ಅವರು ಮುದಿ ಮೋರನ್‌ನನ್ನು ಜೊತೆಗೆ ಕರೆದುಕೊಂಡು ಕ್ಯೂಬಾದಲ್ಲಿ ಆ ಶಿಬಿರದ ಜಾಗ ಹುಡುಕಿದರು. ಅಷ್ಟು ಹೊತ್ತಿಗೆ ಶಿಬಿರ ಎಲ್ಲಿತ್ತು ಅನ್ನುವುದೇ ಜನರಿಗೆ ಮರೆತುಹೋಗಿತ್ತು. ಒಂದನೇ ಮನೆ, ಆ ಕೊಳಕು ಹಾಸಿಗೆಗಳ ಮನೆ, ಇನ್ನೂ ನಿಂತಿತ್ತು. 1952ರ ಡಿಸೆಂಬರ್‌ನಲ್ಲಿ ಅದನ್ನು ಸ್ಮಾರಕ ಮಾಡಿದರು. ಅದನ್ನು ನೋಡಲು ಮೋರನ್ ಇರಲಿಲ್ಲ.

ಈಗ ನನ್ನ ತೋಳಿನ ವಿಷಯ. 1927ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಡಾಕ್ಟರುಗಳು ಪಶ್ಚಿಮ ಆಫ್ರಿಕಾದಲ್ಲಿ ಇದೇ ಜ್ವರದ ಹಿಂದೆ ಬಿದ್ದಿದ್ದರು. ಈಗಿನ ಘಾನಾದ ಕ್ಪೆವೆ ಅನ್ನುವ ಊರಲ್ಲಿ ಆಸಿಬಿ ಅನ್ನುವ 28 ವರ್ಷದ ಯುವಕನಿಗೆ ಜ್ವರ ಬಂದಿತ್ತು. ಅವನ ರಕ್ತ ತೆಗೆದು ಒಂದು ರೀಸಸ್ ಮಂಗಕ್ಕೆ ಚುಚ್ಚಿದರು. ಭಾರತದ ಕೋತಿ ಅದು, ನಮ್ಮ ಉತ್ತರದ ಕಡೆಯ ಜಾತಿ. ಮಂಗ ಸತ್ತಿತು. ಪ್ರಯೋಗಶಾಲೆಯ ಪ್ರಾಣಿಗೆ ಈ ರೋಗ ತಗುಲಿಸಲು ಅಲ್ಲಿಯವರೆಗೆ ಯಾರಿಗೂ ಆಗಿರಲಿಲ್ಲ. ಆ ಕೆಲಸ ಮಾಡಿದ ಏಡ್ರಿಯನ್ ಸ್ಟೋಕ್ಸ್ ಅದೇ ಸೆಪ್ಟೆಂಬರ್‌ನಲ್ಲಿ ಅದೇ ಜ್ವರದಿಂದ ಸತ್ತರು. ಮರುವರ್ಷ ಜಪಾನಿನ ಹೆಸರಾಂತ ವಿಜ್ಞಾನಿ ನೊಗುಚಿ ಅಕ್ರಾದಲ್ಲಿ ಸತ್ತರು, ಅವರ ಹಿಂದೆಯೇ ಅಲ್ಲಿನ ಡಾಕ್ಟರ್ ಯಂಗ್. ಆಸಿಬಿ ಮಾತ್ರ ಗುಣವಾಗಿ ಎದ್ದ. ಅವನ ರಕ್ತದ ವೈರಸ್ಸನ್ನೇ ನೂರಾರು ಸಲ ಬೇರೆ ಬೇರೆ ಅಂಗಾಂಶದಲ್ಲಿ ಬೆಳೆಸಿ ಬೆಳೆಸಿ, 1937ರ ಹೊತ್ತಿಗೆ ಮ್ಯಾಕ್ಸ್ ಥೈಲರ್ ತಂಡ ಅದರ ಹಲ್ಲು ಕಿತ್ತಿತು. ಅದೇ 17ಡಿ ಲಸಿಕೆ. ಥೈಲರ್‌ಗೆ 1951ರಲ್ಲಿ ನೊಬೆಲ್ ಬಂತು. ಇವತ್ತಿಗೂ ಲೋಕದಲ್ಲೆಲ್ಲ ಹಾಕುವುದು ಅದರ ಸಂತಾನವನ್ನೇ. ಆರನೇ ದಿನ ನನ್ನ ಮೈ ಬಿಸಿ ಮಾಡಿದ್ದು ಆಸಿಬಿಯ ಜ್ವರದ ಮರಿ ಮರಿ ಮೊಮ್ಮಗು.

ಸಂಜೆ ಅಮ್ಮ ಫೋನ್ ಮಾಡಿದಳು. ಸೊರಬದ ಕಡೆ ನಮ್ಮೂರು. ಲಸಿಕೆ ಹಾಕಿಸಿಕೊಂಡವನಿಗೆ ಜ್ವರ ಅಂದರೆ ಅವಳಿಗೆ ದಿಗಿಲು. ಅವಳ ಮನಸ್ಸು ಬೇರೆ ಕಡೆ ತಿರುಗಿಸೋಣ ಅಂತ 1957ರ ವಿಷಯ ತೆಗೆದೆ. ಆಗ ಅವಳಿಗೆ ಏಳು ವರ್ಷ. ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬೀಳುತ್ತಿದ್ದವು. ಮುಸುವ, ಕೆಂಪು ಮಂಗ ಎರಡೂ. ಸುತ್ತಲಿನ ಊರುಗಳಲ್ಲಿ ಜನ ಜ್ವರ ಬಂದು ಮಲಗುತ್ತಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್ ಮತ್ತು ತಂಡದವರು ಬಂದರು. ಆ ಕೇಂದ್ರವೂ ರಾಕ್‌ಫೆಲರ್ ನೆರವಿನಿಂದಲೇ ಶುರುವಾದದ್ದು. ಅವರಿಗೆ ಎದೆ ಧಸಕ್ಕೆಂದಿರಬೇಕು. ಯಾಕೆಂದರೆ ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗ ಸಾಯುತ್ತಿವೆ ಅಂದರೆ ಹಳದಿ ಜ್ವರ ಬಂತು ಅಂತಲೇ ಅರ್ಥ. ಭಾರತದಲ್ಲಿ ಆ ಸೊಳ್ಳೆ ಇದೆ, ಆ ಜ್ವರ ಮಾತ್ರ ಯಾವತ್ತೂ ಬಂದಿಲ್ಲ. ಬಂದೇಬಿಟ್ಟಿತಾ ಅಂತ ಅನುಮಾನ. ಪರೀಕ್ಷೆ ಮಾಡಿದರೆ ಬೇರೆ ವೈರಸ್. ಹಳದಿ ಜ್ವರದ ಕುಟುಂಬದ್ದೇ, ಆದರೆ ಹರಡುವುದು ಸೊಳ್ಳೆಯಲ್ಲ, ಉಣುಗು. ರಷ್ಯಾದ ಕಡೆಯ ಒಂದು ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ನೆಂಟ. ಅದಕ್ಕೆ ಕ್ಯಾಸನೂರು ಕಾಡಿನ ಹೆಸರನ್ನೇ ಇಟ್ಟರು.

ಅಮ್ಮನಿಗೆ ನೆನಪಿರುವುದು ಇಷ್ಟು. ಜೀಪು ಬಂತು. ಸತ್ತ ಮಂಗ ಎಲ್ಲಿದೆ ತೋರಿಸಿ ಅಂತ ಕೇಳುತ್ತಿದ್ದರು. ಅಜ್ಜ ತರಗೆಲೆ ಗುಡಿಸಲು ಬೆಟ್ಟಕ್ಕೆ ಹೋಗಬೇಡಿ ಅಂತ ಮನೆಯವರನ್ನೆಲ್ಲ ತಡೆದರು. ಪಕ್ಕದ ಮನೆಯಲ್ಲಿ ಒಬ್ಬರು ಹೋಗಿಬಿಟ್ಟರು, ಮೂಗಿಂದ ರಕ್ತ ಬಂದು.

"ಅಮ್ಮಾ, ಆ ಡಾಕ್ಟರುಗಳು ಮೊದಲು ಅದನ್ನ ಹಳದಿ ಜ್ವರ ಅಂದ್ಕೊಂಡಿದ್ರಂತೆ" ಅಂದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನಮ್ಮನ್ನ ಕೇಳಿದ್ರೆ ಹೇಳ್ತಿದ್ವಲ್ಲ ಮಾರಾಯ. ಊರಲ್ಲೆಲ್ಲ ಆಗಲೇ ಮಂಗನ ಕಾಯಿಲೆ ಅಂತಿದ್ರು." ಆಮೇಲೆ, "ಅದಿರ್ಲಿ, ಈಗ ಮೈ ಮುಟ್ಟಿ ನೋಡ್ಕೊಂಡು ಹೇಳು. ಬಿಸಿ ಇಳಿದಿದ್ಯಾ ಇಲ್ವಾ?"